ಬೆಟದೂರಿನ ಹನುಮಂತಪ್ಪ ಮತ್ತು ನಮ್ಮ ಆರು ದಿನ

ಕುಂದಗೋಳ ಅಂದರೆ ಅಲ್ಲಿಯವರೆಗೆ ನಮಗೆ ಸವಾಯಿ ಗಂಧರ್ವರು, ಮೆಣಸಿನಕಾಯಿ, ಎರೆಹೊಲ. 2016ರ ಫೆಬ್ರವರಿಯಲ್ಲಿ ಅದೇ ತಾಲ್ಲೂಕಿನ ಬೆಟದೂರು ಎಂಬ ಹಳ್ಳಿಯ ಹೆಸರನ್ನು ದೆಹಲಿಯ ಆ್ಯಂಕರ್‌ಗಳು ತಪ್ಪುತಪ್ಪಾಗಿ ಉಚ್ಚರಿಸತೊಡಗಿದರು. ನಾವಾಗ ಪತ್ರಿಕೋದ್ಯಮ ಓದುತ್ತಿದ್ದೆವು. ಹಳ್ಳಿಯಿಂದ ಬಂದವರೇ ಹೆಚ್ಚು. ನಮ್ಮ ಪೈಕಿ ಇಬ್ಬರು ಪಿಯುಸಿ ಮುಗಿದ ಕೂಡಲೇ ಸೇನಾ ಭರ್ತಿ ರ‍್ಯಾಲಿಗೆ ಹೋಗಿ ಬಂದವರು. ಒಬ್ಬ 1,600 ಮೀಟರ್ ಓಟದಲ್ಲಿ ಹಿಂದೆ ಬಿದ್ದ, ಇನ್ನೊಬ್ಬನನ್ನು ಎದೆ ಅಳತೆ ಕಡಿಮೆ ಅಂತ ವಾಪಸ್ ಕಳಿಸಿದ್ದರು. ಹಾಗಾಗಿ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಮೂರು ಸಲ ಭರ್ತಿಯಲ್ಲಿ ತಿರಸ್ಕೃತನಾಗಿ, ಮತ್ತೆ ಹೋಗಿ ಸೇರಿದವನು ಎಂದು ಓದಿದಾಗ ಆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಶಾಲೆಗೆ ದಿನಾ ಆರು ಕಿಲೋಮೀಟರ್ ನಡೆದ ಹುಡುಗ ಅವನು. 2002ರ ಅಕ್ಟೋಬರ್‌ನಲ್ಲಿ ಸೇನೆ ಸೇರಿದ. ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಕಷ್ಟದ ಜಾಗಗಳಲ್ಲೇ ಇದ್ದ. ಜಮ್ಮು ಕಾಶ್ಮೀರ, ಈಶಾನ್ಯ, ಕೊನೆಗೆ 2015ರ ಆಗಸ್ಟ್‌ನಿಂದ ಸಿಯಾಚಿನ್. ಹಲವು ಸಲ ತಾನಾಗಿಯೇ ಕೇಳಿಕೊಂಡು ಅಂಥ ಜಾಗಕ್ಕೆ ಹೋದವನು ಎಂದು ಸೇನೆಯೇ ಹೇಳಿತು.

ಸಿಯಾಚಿನ್‌ನಲ್ಲಿ ಯುದ್ಧ ಇದೆಯಾ ಇಲ್ಲವಾ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುವುದು ಕಷ್ಟ. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ ಶುರುವಾಯಿತು, ಅಂದಿನಿಂದ ಸೈನಿಕರು ಅಲ್ಲೇ ಇದ್ದಾರೆ. 2003ರ ನವೆಂಬರ್‌ನಲ್ಲಿ ಕದನವಿರಾಮವಾಯಿತು, ಗುಂಡಿನ ಸದ್ದು ನಿಂತಿತು, ಸಾವು ನಿಲ್ಲಲಿಲ್ಲ. ಹಿಮ ಎರಡೂ ಕಡೆಯವರನ್ನು ಕೊಂದಿದೆ. 2012ರಲ್ಲಿ ಗಯಾರಿಯಲ್ಲಿ ಪಾಕಿಸ್ತಾನದ 140 ಜನ ಹಿಮದಡಿ ಹೂತುಹೋದರು. ಅವರಲ್ಲೂ ಹೆಚ್ಚಿನವರು ಯಾವುದೋ ಹಳ್ಳಿಯ ಮಕ್ಕಳೇ ಇದ್ದಿರಬೇಕು.

ಹನುಮಂತಪ್ಪ ಇದ್ದ ಠಾಣೆ 19,600 ಅಡಿ ಎತ್ತರದಲ್ಲಿತ್ತು. ಮುಳ್ಳಯ್ಯನಗಿರಿ ಹತ್ತಿದವರಿಗೆ ಲೆಕ್ಕ ಹೇಳುವುದಾದರೆ, ಅಂಥ ಮೂರು ಬೆಟ್ಟ ಒಂದರ ಮೇಲೊಂದು ಇಟ್ಟರೂ ಅಷ್ಟೆತ್ತರ ಮುಟ್ಟುವುದಿಲ್ಲ. ಉಸಿರಿಗೆ ಸಿಗುವ ಆಮ್ಲಜನಕ ನಮ್ಮೂರಿನದರ ಅರ್ಧದಷ್ಟು. ಅಲ್ಲಿದ್ದ ಹತ್ತು ಜನರಲ್ಲಿ ಒಂಬತ್ತು ಮಂದಿ ದಕ್ಷಿಣದವರು, ಇನ್ನೊಬ್ಬರು ಮಹಾರಾಷ್ಟ್ರದವರು. ಮದ್ರಾಸ್ ರೆಜಿಮೆಂಟ್ ಆದ್ದರಿಂದ ಹಾಗೆ. ಹಿಮ ಎಂದರೇನೆಂದು ಸೇನೆ ಸೇರುವ ತನಕ ಕಣ್ಣಾರೆ ಕಾಣದ ಊರುಗಳ ಜನ.

ಫೆಬ್ರವರಿ 3ರಂದು ಹಿಮಗೋಡೆ ಕುಸಿಯಿತು. ಯಾರೂ ಬದುಕಿರುವ ಸಾಧ್ಯತೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂದು ಮರುದಿನವೇ ಹೇಳಿಯಾಗಿತ್ತು. ಆದರೂ ಅಗೆಯುವವರು ಅಗೆದರು. ಕಲ್ಲು ಕೊರೆಯುವ ಯಂತ್ರ, ರೇಡಾರ್, ನಾಯಿಗಳು. 8ರ ರಾತ್ರಿ ಸುಮಾರು 25 ಅಡಿ ಹಿಮದ ಕೆಳಗೆ ಹನುಮಂತಪ್ಪ ಸಿಕ್ಕ. ಉಸಿರಿತ್ತು.

ಆ ಸುದ್ದಿ ಬಂದಾಗ ನಾವು ಕುಣಿದದ್ದು ಸುಳ್ಳಲ್ಲ. ಲ್ಯಾಬ್ ಪತ್ರಿಕೆಗೆ 'ಸಾವನ್ನು ಗೆದ್ದ ಕನ್ನಡಿಗ' ಎಂಬ ತಲೆಬರಹ ಕೊಟ್ಟೆವು. ವೈದ್ಯರ ಪ್ರಕಟಣೆಯಲ್ಲಿ ಕೋಮಾ, ನ್ಯುಮೋನಿಯಾ, ಕಿಡ್ನಿ ಮತ್ತು ಯಕೃತ್ತಿನ ವೈಫಲ್ಯ ಎಲ್ಲ ಬರೆದೇ ಇತ್ತು. ನಾವು ಓದಿದ್ದೆವು ಕೂಡ. ಆದರೆ ತಲೆಬರಹಕ್ಕೆ ಬೇಕಾದದ್ದು ಅದಲ್ಲವಲ್ಲ. ಟಿವಿಗಳು ಪವಾಡ ಎಂದವು, ಹೋಮ ತೋರಿಸಿದವು, ಕಿಡ್ನಿ ಕೊಡುತ್ತೇವೆ ಎಂದು ಬಂದವರನ್ನು ತೋರಿಸಿದವು. ಬೆಟದೂರಿನ ಆ ಮನೆಯ ಹೆಂಗಸರ ಅಳುವನ್ನು ಹತ್ತಿರದಿಂದ, ಇನ್ನೂ ಹತ್ತಿರದಿಂದ ತೋರಿಸಿದವು. ಹತ್ತು ದಿನದೊಳಗೆ ಆ ಮನೆಯವರು ಒಮ್ಮೆ ಅವನನ್ನು ಕಳೆದುಕೊಂಡರು, ಮತ್ತೆ ಪಡೆದರು, ಮತ್ತೆ ಕಳೆದುಕೊಂಡರು.

ಫೆಬ್ರವರಿ 11ರ ಬೆಳಿಗ್ಗೆ 11.45ಕ್ಕೆ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ಮೂವತ್ಮೂರು ವರ್ಷ. ಪುಟ್ಟ ಮಗಳಿದ್ದಳು. ಲ್ಯಾಬ್ ಪತ್ರಿಕೆಯ ಪ್ರತಿಗಳು ಆಗಿನ್ನೂ ವಿಭಾಗದ ಮೇಜಿನ ಮೇಲೆ ಇದ್ದವು. ಯಾರು ಎತ್ತಿಟ್ಟರೋ ಗೊತ್ತಿಲ್ಲ, ಮಧ್ಯಾಹ್ನ ನೋಡಿದರೆ ಇರಲಿಲ್ಲ.

ಮರುದಿನ ಹುಬ್ಬಳ್ಳಿಯ ನೆಹರು ಮೈದಾನದಲ್ಲಿ ಜನಸಾಗರ, ಆಮೇಲೆ ಊರಿನಲ್ಲಿ ಮಣ್ಣು. ಅದೇ ಹೊತ್ತಿಗೆ ದೆಹಲಿಯಲ್ಲಿ ಜೆಎನ್‌ಯು ಗಲಾಟೆ ಎದ್ದಿತ್ತು. ನೋಡನೋಡುತ್ತಿದ್ದಂತೆ ಹನುಮಂತಪ್ಪನ ಫೋಟೊವನ್ನು ಪರದೆಯ ಒಂದು ಬದಿಗೆ, ವಿದ್ಯಾರ್ಥಿಗಳ ಫೋಟೊವನ್ನು ಇನ್ನೊಂದು ಬದಿಗೆ ಇಟ್ಟು ಚರ್ಚೆ ಶುರುವಾಯಿತು. ಸತ್ತವನನ್ನು ಯಾರೂ ಕೇಳಲಿಲ್ಲ. ಸರ್ಕಾರಿ ಶಾಲೆ, ಸರ್ಕಾರಿ ಹಾಸ್ಟೆಲ್, ವಿದ್ಯಾರ್ಥಿವೇತನ ಇವುಗಳಿಂದ ಮೇಲೆ ಬಂದ ನಮಗೆ ಆ ಎರಡು ಫೋಟೊಗಳ ನಡುವೆ ಅಷ್ಟು ದೂರ ಕಾಣಲಿಲ್ಲ. ಇದನ್ನು ಆಗ ಬರೆಯುವ ಧೈರ್ಯ ನಮಗಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಉಳಿದ ಒಂಬತ್ತು ಜನರಲ್ಲಿ ಇನ್ನಿಬ್ಬರು ನಮ್ಮ ರಾಜ್ಯದವರೇ. ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ. ಹವಾಮಾನ ಕೆಟ್ಟಿದ್ದರಿಂದ ಅವರ ದೇಹಗಳನ್ನು ಕೆಳಗೆ ತರುವುದಕ್ಕೆ ಮತ್ತಷ್ಟು ದಿನ ಹಿಡಿಯಿತು. ಬೆಟದೂರಿನ ಸುದ್ದಿ ತಿಂಗಳುಗಟ್ಟಲೆ ಓದಿದ ನಾವು, ಅವರಿಬ್ಬರ ಹೆಸರು ಹೇಳಿ ಎಂದು ಜೂನಿಯರ್ ಒಬ್ಬ ಕೇಳಿದಾಗ ಫೋನ್ ತೆಗೆದು ಹುಡುಕಿದೆವು.