ಕಾರಿನ ಕೈಗುಣ

ಇಂಗ್ಲೆಂಡಿನ ಸ್ಟೋನ್‌ಲೀಯಲ್ಲಿ ನಡೆಯುವ, ಬಿಡಿಭಾಗ ಕೊಂಡು ಮನೆಯಲ್ಲೇ ಜೋಡಿಸಿದ ಕಿಟ್ ಕಾರುಗಳ ಮೇಳದಲ್ಲಿ ಜನ ಗುಂಪುಗೂಡುವುದು ಹೊಳೆಯುವ ಬಣ್ಣದ ಸುತ್ತ. ನನಗೆ ಮೊದಲು ಕಾರಿನ ತಳ ನೋಡಬೇಕು. ಬಣ್ಣವನ್ನು ದುಡ್ಡು ಕೊಟ್ಟು ಹೊಡೆಸಬಹುದು. ಆದರೆ ಬ್ರೇಕ್ ಪೈಪು ಛಾಸಿಯ ಕೊಳವೆಗೆ ಒತ್ತಿಕೊಂಡು, ಸಮ ಅಂತರದ ಕ್ಲಿಪ್ಪುಗಳಲ್ಲಿ ಕೂತು, ಎಲ್ಲೂ ಉಜ್ಜದೆ ಹಿಂದಿನ ಚಕ್ರದವರೆಗೆ ಸಾಗಿದ್ದರೆ ಅದು ಜೋಡಿಸಿದವನ ಸ್ವಂತ ಗಳಿಕೆ.

ಮನೆಯಲ್ಲೇ ಕಾರು ಕಟ್ಟುವ ಈ ಹುಚ್ಚಿಗೆ ತೆರಿಗೆಯೂ ನೀರೆರೆದಿತ್ತು. 1957ರಲ್ಲಿ ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್ ಲೋಟಸ್ ಸೆವೆನ್ ಎಂಬ ಕಾರು ತಂದಾಗ, ಬಿಡಿಭಾಗಗಳಾಗಿ ಕೊಂಡವರಿಗೆ ಖರೀದಿ ತೆರಿಗೆ ತಪ್ಪುತ್ತಿತ್ತು. ತೆರಿಗೆ ನಿಯಮದಂತೆ ಜೋಡಿಸುವ ವಿಧಾನವನ್ನು ಬರೆದು ಕೊಡುವಂತಿಲ್ಲವೆಂದು ಲೋಟಸ್‌ನವರು ಬಿಚ್ಚುವ ವಿಧಾನ ಬರೆದುಕೊಟ್ಟರಂತೆ. ಕೊಂಡವರು ಅದನ್ನೇ ಕೊನೆಯಿಂದ ಓದಿಕೊಂಡರಂತೆ. 1973ರಲ್ಲಿ ಆ ತೆರಿಗೆ ಹೋಗಿ ವ್ಯಾಟ್ ಬಂತು. ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್ ಕಂಪನಿಯ ಪಾಲಾಯಿತು. ಬಿಡಿಭಾಗಗಳ ಪೆಟ್ಟಿಗೆಗಳು ಮಾತ್ರ ಇವತ್ತಿಗೂ ಗ್ಯಾರೇಜುಗಳಿಗೆ ಬರುತ್ತಲೇ ಇವೆ. ಇವನ್ನು ಕೊಳ್ಳುವವರು ಕಟ್ಟುವ ಸುಖಕ್ಕೇ ಕಟ್ಟುವವರು. ಅದಕ್ಕೇ ಇವರ ಕೆಲಸವನ್ನು ನಿಧಾನವಾಗಿ ನೋಡಬೇಕು.

ಫೈಬರ್ ಗ್ಲಾಸ್ ಮೈ ಬಲು ಬೇಗ ಗುಟ್ಟು ಬಿಟ್ಟುಕೊಡುತ್ತದೆ. ಅವಸರದವನು ಸಣ್ಣ ವಾಷರ್ ಹಾಕಿ ಬೋಲ್ಟನ್ನು ಬಿಗಿದುಬಿಡುತ್ತಾನೆ. ಕೆಲವು ತಿಂಗಳಲ್ಲಿ ತೂತಿನ ಸುತ್ತ ಕೂದಲೆಳೆಯ ಬಿರುಕುಗಳು ನಕ್ಷತ್ರದ ಹಾಗೆ ಚಾಚಿಕೊಳ್ಳುತ್ತವೆ. ತಾಳ್ಮೆಯವನು ಅಗಲ ವಾಷರ್ ಹಾಕಿ, ನಡುವೆ ರಬ್ಬರ್ ಇಟ್ಟು, ಸಾಕೆನಿಸಿದಲ್ಲಿ ಕೈ ತಡೆಯುತ್ತಾನೆ. ಅಲ್ಯೂಮಿನಿಯಂ ತಗಡಿನ ರಿವೆಟ್ ಸಾಲು ನೇರವಾಗಿದ್ದರೆ, ಡ್ರಿಲ್ ಹಿಡಿಯುವ ಮೊದಲು ಗೆರೆ ಎಳೆದಿದ್ದಾನೆ ಎಂದೇ ಲೆಕ್ಕ. ಎಂಜಿನ್ನಿನ ಹಿಂದಿನ ತಗಡನ್ನು ವೈರುಗಳು ದಾಟುವ ತೂತಿಗೆ ರಬ್ಬರ್ ಬಳೆ ತೊಡಿಸಿದ್ದಾನೆಯೇ? ಇಲ್ಲದಿದ್ದರೆ ತಗಡಿನ ಅಂಚು ಒಂದು ದಿನ ವೈರನ್ನು ಕೊರೆದೇ ಕೊರೆಯುತ್ತದೆ. ಬಿಗಿದ ನಟ್ಟಿನ ಮೇಲೆ ಗುರುತಿಗೆಂದು ಎಳೆದ ಬಣ್ಣದ ಗೆರೆ ಕಂಡರೆ ನನಗೆ ಆ ಮನುಷ್ಯನ ಮೇಲೆ ಪ್ರೀತಿಯೇ ಹುಟ್ಟುತ್ತದೆ.

ಬಾಗಿಲ ಸಂದಿನ ವಿಷಯದಲ್ಲಿ ನಾನು ಉದಾರಿ. ಕೋಬ್ರಾ ಎಂಬ ಸ್ಪೋರ್ಟ್ಸ್ ಕಾರಿನ ಮಾದರಿಯ ಕಿಟ್ ಕಾರುಗಳಲ್ಲಿ ಅಚ್ಚಿನಿಂದಲೇ ಬಂದ ಸೊಟ್ಟ ಇರಬಹುದು. ಅದನ್ನು ಎರಡೂ ಬದಿಗೆ ಸರಿತೂಗಿಸಲು ಪಟ್ಟ ಪಾಡು ಕಂಡರೆ ಸಾಕು.

ಬ್ರಿಟನ್ನಿನಲ್ಲಿ ಇಂಥ ಕಾರು ರಸ್ತೆಗಿಳಿಯುವ ಮುನ್ನ ಐವಿಎ ಪರೀಕ್ಷೆ ಪಾಸಾಗಬೇಕು. ಮೈಗೆ ತಗುಲಬಹುದಾದ ಹೊರ ಅಂಚುಗಳ ದುಂಡುತನಕ್ಕೂ ಅಲ್ಲಿ ಅಳತೆಯುಂಟು, ತ್ರಿಜ್ಯ ಕನಿಷ್ಠ 2.5 ಮಿ.ಮೀ. ಪರೀಕ್ಷೆಗೆಂದು ಚೂಪು ಅಂಚಿಗೆ ರಬ್ಬರ್ ಪಟ್ಟಿ ಸಿಕ್ಕಿಸಿ, ಮನೆಗೆ ಬಂದು ಕಿತ್ತುಹಾಕುವವರಿದ್ದಾರೆ. ಆ ಅಂಚನ್ನೇ ಕೂತು ಅರ ಹಾಕಿ ದುಂಡಗೆ ಮಾಡಿದವರೂ ಇದ್ದಾರೆ. ಪ್ರಮಾಣಪತ್ರ ಇಬ್ಬರಿಗೂ ಒಂದೇ. ನನ್ನ ದುಡ್ಡು ಎರಡನೆಯವನ ಕಾರಿಗೆ.

ಕೊಳ್ಳುವ ಮನಸ್ಸಿದ್ದರೆ ಮಾಲೀಕನನ್ನು ಕೇಳಬೇಕಾದ್ದು ಒಂದೇ: "ಯಾವುದನ್ನು ಬಿಚ್ಚಿ ಮತ್ತೆ ಜೋಡಿಸಿದಿರಿ?" ಏನೂ ಇಲ್ಲ ಎಂದರೆ ನನಗೆ ಅನುಮಾನ. ಒಳ್ಳೆಯ ಕೆಲಸಗಾರ ಪೆಡಲ್ಲುಗಳಿಂದ ಹೇಳಲು ಶುರುಮಾಡಿ ಡ್ಯಾಶ್‌ಬೋರ್ಡಿನ ಹಿಂದಿನ ವೈರುಗಳಿಗೆ ಬರುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ತಗಡು ಮುಚ್ಚುವ ಮೊದಲು ತೆಗೆದಿಟ್ಟ ಫೋಟೋಗಳು ಇನ್ನೂ ಬಾಕಿ ಇರುತ್ತವೆ.