ಇದ್ದಲ್ಲೇ ಬೆಳೆಯುವ ನೌಕರಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಮದುವೆಗೆ ಹೋದರೂ ನೌಕರಿಯಲ್ಲಿದ್ದವರಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ‘ಈಗ ಎಲ್ಲಿ ಅದೀರಿ?’ ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ಹದಿನೈದು ವರ್ಷದಿಂದ ಅದೇ ಶಾಲೆ, ಅದೇ ಕಚೇರಿ, ಅದೇ ಆಸ್ಪತ್ರೆಯಲ್ಲಿ ಇರುವವರು ಮಾತ್ರ ‘ಅಲ್ಲೇ ಅದೀನ್ರಿ’ ಎಂದು ತಲೆ ತಗ್ಗಿಸುತ್ತಾರೆ. ಊರು ಬಿಟ್ಟವನೇ ಬೆಳೆದವನು, ಕೆಲಸ ಬದಲಿಸಿದವನೇ ಮುಂದೆ ಬಂದವನು ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಆಳಕ್ಕೆ ಇಳಿದಿದೆ. ಆ ತಲೆ ತಗ್ಗಿಸುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಂಬಿಕೆಗೆ ಕಾರಣವೂ ಇದೆ. ಈ ಸೀಮೆಯ ದೊಡ್ಡ ಹೆಸರುಗಳಲ್ಲಿ ಹೆಚ್ಚಿನವು ಇದ್ದ ಕೆಲಸವನ್ನೋ ಇದ್ದ ಊರನ್ನೋ ಬಿಟ್ಟವರದೇ. ಬಾಡದ ಕನಕ ದಂಡನಾಯಕತನ ಬಿಟ್ಟು ದಾಸರಾದರು ಎನ್ನುತ್ತದೆ ಐತಿಹ್ಯ. ಶಿಶುನಾಳದ ಶರೀಫರು ಕನ್ನಡ ಶಾಲೆಯ ಮಾಸ್ತರಿಕೆ ಬಿಟ್ಟು ಕಳಸದ ಗೋವಿಂದ ಭಟ್ಟರ ಬೆನ್ನು ಹತ್ತಿದರು. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿ ಬಂದು ಎಷ್ಟೋ ಊರುಗಳಲ್ಲಿ ಎಷ್ಟೋ ಹುದ್ದೆ ನಿಭಾಯಿಸಿದರು. ಇವರನ್ನು ನೆನೆಯುತ್ತ ಬೆಳೆದ ಮಕ್ಕಳಿಗೆ ಹೊರಡುವುದೇ ದಾರಿ ಎನಿಸಿದರೆ ತಪ್ಪೇನಿಲ್ಲ.

ಆದರೆ ಇದೇ ನೆಲ ಇನ್ನಿಬ್ಬರನ್ನು ಕೊಟ್ಟಿದೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕಣ್ಣಿಲ್ಲದ ಹುಡುಗನ ಕಂಠವನ್ನು ಗುರುತಿಸಿ ಸಂಗೀತ ಕಲಿಸುವ ಏರ್ಪಾಡು ಮಾಡಿದವರು ಹಾನಗಲ್ಲ ಕುಮಾರಸ್ವಾಮಿಗಳು. ಆ ಹುಡುಗ ಪಂಚಾಕ್ಷರಿ ಗವಾಯಿಗಳಾಗಿ, ಶಿಷ್ಯರನ್ನು ಕಟ್ಟಿಕೊಂಡು ಊರೂರು ಸುತ್ತುವ ಪಾಠಶಾಲೆ ನಡೆಸಿ, ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ನೆಲೆಗೊಳಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಆಶ್ರಮದ ಹೊಣೆ ಬಿದ್ದದ್ದು ಶಿಷ್ಯ ಪುಟ್ಟರಾಜರ ಹೆಗಲ ಮೇಲೆ. ಇದೇ ಸೀಮೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು ಅವರು.

ಆಶ್ರಮದ ಹೊಣೆ ಹೊತ್ತಲ್ಲಿಂದ 2010ರಲ್ಲಿ ದೇಹ ಬಿಡುವವರೆಗೆ, 66 ವರ್ಷ, ಪುಟ್ಟರಾಜ ಗವಾಯಿಗಳು ಮಾಡಿದ್ದು ಒಂದೇ ಕೆಲಸ: ಅದೇ ಆಶ್ರಮದಲ್ಲಿ ಕೂತು ಮಕ್ಕಳಿಗೆ ಸಂಗೀತ ಹೇಳಿಕೊಟ್ಟರು. ಆ ಒಂದು ಕೆಲಸದೊಳಗೆ ಏನೆಲ್ಲ ಬೆಳೆಯಿತು ನೋಡಿ. ಹಾಡುಗಾರಿಕೆಯ ಜೊತೆಗೆ ಹಾರ್ಮೋನಿಯಂ, ಪಿಟೀಲು, ತಬಲಾ, ಸಾರಂಗಿ ಅವರ ಕೈವಶವಾದವು. ಮಕ್ಕಳ ಊಟಕ್ಕೆ ದುಡ್ಡು ಬೇಕಾಯಿತು. ನಾಟಕ ಕಂಪನಿ ನಡೆಸಿದರು, ಅದಕ್ಕಾಗಿ ನಾಟಕ ಬರೆದರು. ಬ್ರೈಲ್ ಲಿಪಿ ರೂಢಿಸಿಕೊಂಡರು. ಕನ್ನಡ ಸಾಲದೆ ಸಂಸ್ಕೃತ, ಹಿಂದಿಯಲ್ಲೂ ಬರೆದರು. ಬಸವ ಪುರಾಣವನ್ನು ಹಿಂದಿಯಲ್ಲಿ ರಚಿಸಿದರು. ಭಕ್ತರು ಮಾಡಿದ ತುಲಾಭಾರಗಳ ಹಣವೂ ಆಶ್ರಮದ ಮಕ್ಕಳಿಗೇ ಹೋಯಿತು. ಬಾಲಕನಾಗಿ ಬಂದು ಹನ್ನೆರಡು ವರ್ಷ ಅಲ್ಲಿಯೇ ಇದ್ದು ಕಲಿತ ಎಂ. ವೆಂಕಟೇಶ ಕುಮಾರ್ ಇಂದು ದೇಶ ತಲೆದೂಗುವ ಗಾಯಕರು. 2010ರಲ್ಲಿ ಪದ್ಮಭೂಷಣ ಬಂದಾಗಲೂ ಗವಾಯಿಗಳು ಅದೇ ಜಾಗದಲ್ಲಿದ್ದರು.

ಅವರು ಮಹಾತ್ಮರು, ನಮ್ಮ ಕೈಲಿ ಆದೀತೇ ಎಂದು ಯಾರಾದರೂ ಅಂದಾರು. ಅವರ ತಪಸ್ಸು ನಮಗೆ ಎಟುಕದು, ನಿಜ. ಅವರ ಕ್ರಮ ಎಟುಕುತ್ತದೆ. ಕೆಲಸ ಏನು ಕೇಳಿತೋ ಅದನ್ನು ಕಲಿತರು. ಕಲಿತದ್ದನ್ನು ಮತ್ತೆ ಅದೇ ಕೆಲಸಕ್ಕೆ ಹಾಕಿದರು. ಸವಣೂರಿನ ಎಲೆತೋಟದವರು ಹೀಗೆಯೇ ಮಾಡುತ್ತಾರೆ. ವೀಳ್ಯದ ಬಳ್ಳಿ ಆಸರೆ ಮರದ ತುದಿ ಮುಟ್ಟಿದ ಮೇಲೆ ಅದನ್ನು ಬಿಚ್ಚಿ ಇಳಿಸಿ, ಕಾಂಡವನ್ನು ಬುಡದಲ್ಲೇ ಸುತ್ತಿ ಮಣ್ಣು ಮುಚ್ಚಿ, ಕುಡಿಯನ್ನು ಮತ್ತೆ ಅದೇ ಮರಕ್ಕೆ ಹತ್ತಿಸುತ್ತಾರೆ. ಹೂತ ಗೆಣ್ಣುಗಳಲ್ಲಿ ಹೊಸ ಬೇರು ಬರುತ್ತದೆ, ಎಲೆಯ ಇಳುವರಿ ವರ್ಷಗಟ್ಟಲೆ ನಡೆಯುತ್ತದೆ.

ಸಾಮಾನ್ಯ ಸಂಬಳದ ನೌಕರರಲ್ಲೂ ಇಂಥವರಿದ್ದಾರೆ. ‘ನಲಿಕಲಿ’ ಎಂಬ ಕಲಿಕೆಯ ಪದ್ಧತಿ ಇಂದು ರಾಜ್ಯದ ಸರ್ಕಾರಿ ಶಾಲೆಗಳ ಎಳೆಯ ಮಕ್ಕಳಿಗೆಲ್ಲ ಗೊತ್ತು. ಅದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾಯಿತು. ಅಲ್ಲಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ ನೋಡಿಕೊಂಡು ಬಂದು, ತಾವೇ ಕೂತು ಕಲಿಕೆಯ ಕಾರ್ಡುಗಳನ್ನು ರಚಿಸಿದರು. ಅವರ ಹುದ್ದೆ ಬದಲಾಗಲಿಲ್ಲ. ಕೆಲಸ ಮಾತ್ರ ಇಡೀ ರಾಜ್ಯದಷ್ಟು ದೊಡ್ಡದಾಯಿತು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಕತೆಯೂ ಹತ್ತಿರದ್ದು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, 2020ರ ಮಕ್ಕಳ ದಿನ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಯಿತು, ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಅದೇ ಕೋಣೆ, ಅದೇ ಮೇಲ್ವಿಚಾರಕ. ಮುಂಜಾನೆ ಪೇಪರ್ ಹರವಿ, ಸಂಜೆ ಮಡಚಿಡುತ್ತಿದ್ದವರು ಈಗ ಮಕ್ಕಳಿಗೆ ಕತೆ ಓದಿ ಹೇಳುತ್ತಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರಿಗೆ ಪುಸ್ತಕ ಹುಡುಕಿ ಕೊಡುತ್ತಾರೆ. ಎಲ್ಲ ಹಳ್ಳಿಗಳಲ್ಲೂ ಹೀಗಾಗಿಲ್ಲ. ಆದ ಹಳ್ಳಿಗಳಲ್ಲಿ ಆ ಮೇಲ್ವಿಚಾರಕರಿಗೆ ಸಿಗುವ ಮರ್ಯಾದೆಯೇ ಬೇರೆ.

ಅಮೆರಿಕದ ಏಮಿ ವ್ರೆಸ್ನಿಯೆವ್ಸ್ಕಿ, ಜೇನ್ ಡಟನ್ ಎಂಬ ವಿದ್ವಾಂಸರು 2001ರಲ್ಲಿ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯ ಬಗ್ಗೆ ಬರೆದರು. ಒಂದೇ ಹುದ್ದೆ, ಒಂದೇ ಪಗಾರ. ಕೆಲವರು ನೆಲ ಒರೆಸಿ ಹೋಗುತ್ತಿದ್ದರು. ಕೆಲವರು ರೋಗಿಯ ಜೊತೆ ನಾಲ್ಕು ಮಾತಾಡಿ, ಬಂದವರಿಗೆ ದಾರಿ ತೋರಿಸಿ, ತಾವೂ ರೋಗಿಯನ್ನು ಗುಣಪಡಿಸುವವರಲ್ಲಿ ಒಬ್ಬರು ಎಂದುಕೊಂಡಿದ್ದರು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಈ ಎರಡನೆಯ ಬಗೆಯ ಅಕ್ಕಂದಿರನ್ನು ಕಾಣಬಹುದು. ಬಾಣಂತಿಯ ತಾಯಿ ಮೊದಲು ಹುಡುಕುವುದು ಅವರನ್ನೇ.

ಮರ್ಯಾದೆಯಿಂದ ಮನೆ ನಡೆಯುವುದಿಲ್ಲ, ಆದ್ದರಿಂದ ದುಡ್ಡಿನ ಮಾತನ್ನೂ ಆಡಬೇಕು. ಒಂದೇ ಹುದ್ದೆಯಲ್ಲಿ ಬಡ್ತಿ ಕಾಣದೆ ಉಳಿದ ರಾಜ್ಯ ಸರ್ಕಾರಿ ನೌಕರನಿಗೆ 10 ವರ್ಷಕ್ಕೆ ಕಾಲಬದ್ಧ ಮುಂಬಡ್ತಿ, 15ಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ, ಆಮೇಲೆ 20, 25, 30 ವರ್ಷಕ್ಕೆ ಹೆಚ್ಚುವರಿ ವೇತನ ಬಡ್ತಿ ಎಂಬ ಏರ್ಪಾಡಿದೆ. ಪಗಾರ ಏರುತ್ತದೆ, ಒಳ್ಳೆಯದೇ. ಆದರೆ ಅದು ಮುಖ್ಯವಾಗಿ ಎಣಿಸುವುದು ಕುರ್ಚಿಯಲ್ಲಿ ಕೂತ ವರ್ಷಗಳನ್ನು. ಆ ವರ್ಷಗಳಲ್ಲಿ ಅವನು ಏನು ಕಲಿತ ಎಂದು ಕೇಳುವವರು ಕಡಿಮೆ.

ಕಲಿತವರಿಗೆ ನಾವು ಮಾಡಿದ್ದಾದರೂ ಏನು? ನೂರಾರು ಕನ್ನಡ ಶಾಲೆಯ ಶಿಕ್ಷಕ ಶಿಕ್ಷಕಿಯರು ಕೆಲಸದಲ್ಲಿದ್ದುಕೊಂಡೇ, ಮನೆ ಮಕ್ಕಳನ್ನು ನೋಡಿಕೊಂಡೇ, ರಾತ್ರಿ ಓದಿ ಪದವಿ ಪಡೆದರು, ಬಿ.ಇಡಿ. ಮಾಡಿದರು. 2017ರ ವೃಂದ ಮತ್ತು ನೇಮಕಾತಿ ನಿಯಮ, ಒಂದರಿಂದ ಏಳನೆಯ ತರಗತಿಗೆಂದು ನೇಮಕವಾಗಿದ್ದವರನ್ನು ಒಂದರಿಂದ ಐದಕ್ಕೆ ಸೀಮಿತಗೊಳಿಸಿ, ಆರರಿಂದ ಎಂಟಕ್ಕೆ ಪದವೀಧರ ಶಿಕ್ಷಕರೆಂಬ ಬೇರೆ ವೃಂದ ಮಾಡಿತು. ಪದವಿ ಕೈಯಲ್ಲಿದ್ದವರೂ, ವರ್ಷಗಳಿಂದ ಏಳನೆಯ ತರಗತಿಗೆ ಗಣಿತ ಹೇಳಿದವರೂ ಕೆಳಗಿನ ಸಾಲಿಗೆ ಸೇರಿದರು. ಇದು ಅನ್ಯಾಯ. ಇದ್ದಲ್ಲೇ ಬೆಳೆ ಎಂದು ನೌಕರನಿಗೆ ಹೇಳುವ ಹಕ್ಕು ಇರುವುದು, ಅವನು ಬೆಳೆದದ್ದನ್ನು ಒಪ್ಪಿಕೊಳ್ಳುವ ಇಲಾಖೆಗೆ ಮಾತ್ರ.

ಬಿಡಬೇಕಾದ ಕೆಲಸವನ್ನು ಬಿಡಲೇಬೇಕು. ಅವಮಾನ ನುಂಗಿಕೊಂಡು, ಕಲಿಯಲು ಏನೂ ಉಳಿಯದ ಜಾಗಕ್ಕೆ ಅಂಟಿಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ವಯಸ್ಸಾದ ತಂದೆತಾಯಿ, ಎರಡೆಕರೆ ಹೊಲ, ಶಾಲೆಗೆ ಹೋಗುವ ಮಕ್ಕಳು ಇಲ್ಲೇ ಇರುವಾಗ ಎಲ್ಲರೂ ಹೊರಡಲಾರರು. ಹೊರಡದವರೇ ಹೆಚ್ಚು. ಈ ನಾಲ್ಕು ತಾಲ್ಲೂಕುಗಳ ಶಾಲೆ, ಆಸ್ಪತ್ರೆ, ಪಂಚಾಯಿತಿ ನಡೆಯುತ್ತಿರುವುದು ಅವರಿಂದಲೇ.

ಆದ್ದರಿಂದ ಕಚೇರಿಯ ಹಿರಿಯರಲ್ಲಿ ಒಂದು ಬೇಡಿಕೆ: ನಿಮ್ಮ ಕೈಕೆಳಗಿನವರು ಇಲಾಖಾ ಪರೀಕ್ಷೆಗೆ ರಜೆ ಕೇಳಿದರೆ ಗೊಣಗದೆ ಕೊಡಿ, ತರಬೇತಿಗೆ ಪ್ರತಿಸಲ ಅದೇ ಇಬ್ಬರನ್ನು ಕಳಿಸಬೇಡಿ, ಹತ್ತು ವರ್ಷದಿಂದ ಟಪಾಲು ಬರೆಯುತ್ತಿರುವವರಿಗೆ ಈ ವರ್ಷ ಬೇರೊಂದು ಕಡತ ಕೊಟ್ಟು ನೋಡಿ. ಕಿರಿಯರೇ, ಇಲಾಖಾ ಪರೀಕ್ಷೆಯ ಅಕೌಂಟ್ಸ್ ಹೈಯರ್, ಜನರಲ್ ಲಾ ಪುಸ್ತಕಗಳನ್ನು ಕಪಾಟಿನಿಂದ ಕೆಳಗೆ ಇಳಿಸಿ. ಲೋಕಸೇವಾ ಆಯೋಗ ಮುಂದಿನ ಸಲ ಆ ಪರೀಕ್ಷೆಗೆ ಅರ್ಜಿ ಕರೆದಾಗ ತಪ್ಪದೆ ಹಾಕಿ.