ಬಾಕಿ ನಿಂತ ಚೆಂಡು

ಟೆನ್ನಿಸ್ ಆಟವನ್ನು ಕಂಡರಿಯದವರು ಈಗ ವಿರಳ. ಆದರೆ ಹಸುರುಹುಲ್ಲಿನ ಮೇಲೆಯೂ ಕೆಮ್ಮಣ್ಣಿನ ಮೇಲೆಯೂ ಆಡುವ ಈ ಆಟಕ್ಕೆ ಹಿರಿಯಣ್ಣನೊಬ್ಬನುಂಟೆಂಬುದನ್ನು ಬಲ್ಲವರು ಕೆಲವರೇ. ತಮ್ಮನು ಹೆಸರಿಗೆ ಬಂದುದು 1870ರ ದಶಕದಲ್ಲಿ. ಅಣ್ಣನಿಗಾದರೋ ಆ ವೇಳೆಗೆ ಹಲವು ಶತಮಾನಗಳ ವಯಸ್ಸಾಗಿದ್ದಿತು. ತಮ್ಮನು ಅಣ್ಣನ ಹೆಸರನ್ನೂ, ಹದಿನೈದು ಮೂವತ್ತು ನಲವತ್ತೆಂಬ ವಿಚಿತ್ರವಾದ ಎಣಿಕೆಯನ್ನೂ ತೆಗೆದುಕೊಂಡು ಹೋಗಿ ಲೋಕಪ್ರಸಿದ್ಧನಾದನು. ಅಣ್ಣನು ಮನೆಯೊಳಗೇ ಉಳಿದು, ತನ್ನನ್ನು 'ರಿಯಲ್ ಟೆನ್ನಿಸ್', ಎಂದರೆ ನಿಜವಾದ ಟೆನ್ನಿಸ್, ಎಂದು ಕರೆದುಕೊಳ್ಳಬೇಕಾಯಿತು. ನಿಜವಾದುದೇ ತಾನು ನಿಜವೆಂದು ಸಾರಿಕೊಳ್ಳಬೇಕಾಗಿ ಬರುವುದು ಈ ಲೋಕದಲ್ಲಿ ಇದೇ ಮೊದಲಲ್ಲ.

ಅರಸುಮಕ್ಕಳಿಗೂ ಚೆಂಡಿಗೂ ಇರುವ ನಂಟು ದಂಡಿಯ ದಶಕುಮಾರಚರಿತೆಯಲ್ಲಿ ಕಂದುಕಾವತಿಯ ಪ್ರಸಂಗವನ್ನು ಓದಿದವರಿಗೆ ಹೊಸದಲ್ಲ. ಯೂರೋಪಿನಲ್ಲಿ ಈ ನಂಟು ಕೆಲವರಿಗೆ ಪ್ರಾಣಾಂತಿಕವಾಗಿಯೇ ಪರಿಣಮಿಸಿತು. ಫ್ರಾನ್ಸಿನ ಹತ್ತನೆಯ ಲೂಯಿಯು 1316ರಲ್ಲಿ ಈ ಆಟವಾಡಿ ದಣಿದು, ಜ್ವರ ಬಂದು ತೀರಿಕೊಂಡನು. ಎಂಟನೆಯ ಚಾರ್ಲ್ಸನು 1498ರಲ್ಲಿ ಆಟವನ್ನು ನೋಡಲು ಹೋಗುತ್ತ ಬಾಗಿಲಿನ ಮೇಲ್ಪಟ್ಟಿಗೆ ತಲೆ ಬಡಿದುಕೊಂಡು ಸತ್ತನು. ಸ್ಕಾಟ್ಲೆಂಡಿನ ಒಂದನೆಯ ಜೇಮ್ಸನ ಕಥೆ ಇನ್ನೂ ಮರುಕ ಹುಟ್ಟಿಸುವಂಥದು. ಚೆಂಡುಗಳು ಚರಂಡಿಯೊಳಗೆ ಉರುಳಿ ಕಳೆದುಹೋಗುವುವೆಂದು ಅವನು ಅದರ ಬಾಯನ್ನು ಮುಚ್ಚಿಸಿದ್ದನಂತೆ. 1437ರಲ್ಲಿ ಹಂತಕರು ಮನೆಹೊಕ್ಕ ರಾತ್ರಿ ಅದೇ ಚರಂಡಿಯಲ್ಲಿ ಇಳಿದು ಓಡಲೆಳಸಿ, ಹೊರಹೋಗುವ ದಾರಿ ಕಾಣದೆ ಸಿಕ್ಕಿಬಿದ್ದನು. 1789ರ ಜೂನ್ 20ರಂದು ಫ್ರೆಂಚ್ ಪ್ರಜಾಪ್ರತಿನಿಧಿಗಳು ರಾಜ್ಯಾಂಗವನ್ನು ರಚಿಸದೆ ಚದುರೆವೆಂದು ಶಪಥ ತೊಟ್ಟುದು ಸಹ ವರ್ಸೇಲ್ಸಿನ ಇಂಥದೊಂದು ಆಟದ ಮನೆಯಲ್ಲಿಯೇ.

ಆ ಮನೆಯ ರಚನೆಯನ್ನು ತುಸು ಹೇಳದೆ ಮುಂದಿನ ಮಾತು ತಿಳಿಯಲಾರದು. ಸುಮಾರು 110 ಅಡಿ ಉದ್ದ, 39 ಅಡಿ ಅಗಲದ ದೊಡ್ಡ ಹಜಾರ; ನಾಲ್ಕು ಕಡೆಯೂ ಎತ್ತರವಾದ ಗೋಡೆ; ಮೂರು ಗೋಡೆಗಳ ಉದ್ದಕ್ಕೂ ಹಳೆಯ ಮಠದ ಮೊಗಸಾಲೆಯಂತೆ ಇಳಿಜಾರಾದ ಮಾಡು. ಆಟವನ್ನಾರಂಭಿಸುವವನು ಚೆಂಡನ್ನು ಆ ಮಾಡಿನ ಮೇಲೆ ಬೀಳಿಸಿಯೇ ಎದುರಾಳಿಗೆ ಕಳುಹಿಸಬೇಕು. ಬೆಂಡಿನ ತಿರುಳಿಗೆ ಬಟ್ಟೆಯ ಪಟ್ಟಿ ಸುತ್ತಿ, ದಾರ ಬಿಗಿದು, ಮೇಲೆ ಉಣ್ಣೆಯ ಹೊದಿಕೆ ಹೊಲಿದ ಚೆಂಡು. ತಲೆ ತುಸು ಓರೆಯಾಗಿರುವ ಮರದ ಬ್ಯಾಟು. ಚೆಂಡುಗಳನ್ನು ಇಂದಿಗೂ ಆಟ ಕಲಿಸುವ ಉಪಾಧ್ಯಾಯರೇ ಕೈಯಲ್ಲಿ ಹೊಲಿಯುವರು. ಜಗಜ್ಜೆಟ್ಟಿಗಳೆನಿಸಿದವರಲ್ಲಿ ಬಹುಮಂದಿ ಈ ವೃತ್ತಿಯವರೇ.

ಈ ಆಟದ ಜೀವವಿರುವುದು 'ಚೇಸ್' ಎಂಬ ನಿಯಮದಲ್ಲಿ. ಅದನ್ನು 'ಬಾಕಿ' ಎಂದರೆ ಸರಿಹೋದೀತು. ಕಿರಿಯ ಟೆನ್ನಿಸಿನಲ್ಲಿ ಚೆಂಡು ಎರಡನೆಯ ಸಲ ನೆಲ ಮುಟ್ಟಿತೆಂದರೆ ತೀರಿತು, ಒಬ್ಬ ಗೆದ್ದ, ಒಬ್ಬ ಸೋತ. ಇಲ್ಲಿ ಅನೇಕ ವೇಳೆ ಹಾಗಲ್ಲ. ಎರಡನೆಯ ಪುಟ ಬಿದ್ದ ಜಾಗವನ್ನು ಎಣಿಕೆಗಾರನು ನೆಲದ ಗೆರೆಗಳಿಂದ ಗೊತ್ತುಮಾಡಿ, ಹಿಂದಿನ ಗೋಡೆಗೆ ಇಷ್ಟು ಗಜ ದೂರವೆಂದು ಕೂಗುತ್ತಾನೆ. ಗೆಲವೂ ಇಲ್ಲ, ಸೋಲೂ ಇಲ್ಲ. ಲೆಕ್ಕ ಬಾಕಿ ನಿಲ್ಲುತ್ತದೆ. ಬಳಿಕ ಇಬ್ಬರೂ ಮಗ್ಗುಲು ಬದಲಾಯಿಸುತ್ತಾರೆ. ಮೊದಲು ಚೆಂಡನ್ನು ಬಿಟ್ಟುಕೊಟ್ಟವನು ಈಗ ತಾನು ಹೊಡೆಯುವ ಚೆಂಡಿನ ಎರಡನೆಯ ಪುಟವನ್ನು ಆ ಗುರುತಿಗಿಂತಲೂ ಗೋಡೆಗೆ ಹತ್ತಿರ ಬೀಳಿಸಿದರೆ ಬಾಕಿ ಅವನದಾಗುವುದು, ಇಲ್ಲವಾದರೆ ಎದುರಾಳಿಯದು. ಒಮ್ಮೆ ತಪ್ಪಿದ ಏಟಿಗೆ ಎರಡನೆಯ ಅವಕಾಶವನ್ನು ಶಾಸ್ತ್ರೋಕ್ತವಾಗಿಯೇ ವಿಧಿಸಿರುವ ಆಟವಿದು. ಇಲ್ಲಿ ತೋಳಿನ ಬಲಕ್ಕಿಂತ ಗೋಡೆ, ಮಾಡು, ಮೂಲೆಗಳ ಪರಿಚಯವೇ ಹೆಚ್ಚು ಕೆಲಸಕ್ಕೆ ಬರುವುದರಿಂದ, ನರೆತ ತಲೆಗಳು ಈ ಅಂಗಣದಲ್ಲಿ ಬಹುಕಾಲ ನಿಲ್ಲುತ್ತವೆ.

ಜಗತ್ತಿನ ಕ್ರೀಡೆಗಳ ಜಗಜ್ಜೆಟ್ಟಿ ಪದವಿಗಳಲ್ಲೆಲ್ಲ ಇದರದೇ ಅತ್ಯಂತ ಹಳೆಯದೆಂದು ಪ್ರತೀತಿ. 1740ರ ಸುಮಾರಿನಲ್ಲಿ ಫ್ರಾನ್ಸಿನ ಕ್ಲೆರ್ಜೆ ಎಂಬವನು ಮೊದಲಿಗ. ಪದವಿಯು ಅದನ್ನು ಪಡೆದವನಲ್ಲಿಯೇ ಇರುವುದು. ಸವಾಲು ಹಾಕಿದವನು ಎದುರು ನಿಂತು ಅದನ್ನು ಕಿತ್ತುಕೊಳ್ಳಬೇಕು. ಈಗಿನ ಕ್ರಮದಲ್ಲಿ ಮೂರು ದಿನಗಳ ಆಟ. ಹದಿಮೂರು ಸೆಟ್ಟುಗಳಲ್ಲಿ ಏಳನ್ನು ಮೊದಲು ಗೆದ್ದವನೇ ಒಡೆಯ. ಆದುದರಿಂದ ಪದವಿಯಲ್ಲಿರುವವನಿಗೆ ಏಳುವ ಪ್ರಶ್ನೆಯೊಂದುಂಟು: ಬಿಡುವುದು ಯಾವಾಗ?

ಎಡ್ಮಂಡ್ ಬಾರ್ ಎಂಬ ಫ್ರೆಂಚನು 1829ರಲ್ಲಿ ಈ ಪದವಿಗೇರಿ 33 ವರ್ಷ ಅದರಲ್ಲಿ ಕುಳಿತನು. ಅವನು ಏರಿದಾಗ ಸಿಂಹಾಸನದಲ್ಲಿದ್ದವನು ಹತ್ತನೆಯ ಚಾರ್ಲ್ಸ್. 1830ರಲ್ಲಿ ಅವನು ದೇಶಭ್ರಷ್ಟನಾದನು; ಲೂಯಿ ಫಿಲಿಪ್ಪನು ಬಂದು 1848ರಲ್ಲಿ ಅವನೂ ಓಡಿದನು; ಗಣರಾಜ್ಯ ಬಂದಿತು, ಹೋಯಿತು; ಮೂರನೆಯ ನೆಪೋಲಿಯನ್ನನು ಚಕ್ರವರ್ತಿಯಾದನು. ಬಾರನು ಮಾತ್ರ ಕದಲಲಿಲ್ಲ. 1861ರಲ್ಲಿ ಚಕ್ರವರ್ತಿಯ ಕಾಲದ ಹೊಸ ಆಟದ ಮನೆಯು ಪ್ಯಾರಿಸ್ಸಿನ ತ್ವಿಲರಿ ಉದ್ಯಾನದಲ್ಲಿ ಎದ್ದು ನಿಂತಿತು. ಮರುವರ್ಷ, ಅರುವತ್ತರ ಹೊತ್ತಿಗೆ, ಪದವಿಯು ಬಾರನಿಂದ ಇಂಗ್ಲೆಂಡಿನ ಎಡ್ಮಂಡ್ ಟಾಂಪ್ಕಿನ್ಸನ ಪಾಲಾಯಿತು. ಆ ಆಟದ ಮನೆ ಈಗ ಚಿತ್ರಶಾಲೆಯಾಗಿದೆ.

ಪಿಯೆರ್ ಎಚೆಬಾಸ್ಟರನ ದಾರಿ ಬೇರೆ. ಫ್ರಾನ್ಸಿನ ಬಾಸ್ಕ್ ಸೀಮೆಯ ಸಮುದ್ರತೀರದ ಊರಿನಲ್ಲಿ 1893ರಲ್ಲಿ ಹುಟ್ಟಿ, ಗೋಡೆಗೆ ಚೆಂಡು ಹೊಡೆಯುವ ಅಲ್ಲಿನ ಪೆಲೋಟ ಆಟದಲ್ಲಿ ಪಳಗಿದವನು. ಟೆನ್ನಿಸಿನ ಅಂಗಣಕ್ಕೆ ಬಂದುದೇ ಮೊದಲನೆಯ ಮಹಾಯುದ್ಧದ ನಂತರ, ಮೂವತ್ತರ ಹತ್ತಿರದಲ್ಲಿ. ಅಕ್ಷರಾಭ್ಯಾಸಕ್ಕೆ ಇಷ್ಟು ತಡವೇ ಎಂದು ಯಾರೂ ಕೇಳಬಹುದಾದ ವಯಸ್ಸು. 1927ರಲ್ಲಿ ಇಂಗ್ಲೆಂಡಿನ ಫ್ರೆಡ್ ಕವಿಗೆ ಸೋತನು. ಮರುವರ್ಷ ಅವನನ್ನೇ ಸೋಲಿಸಿದನು. ಆಮೇಲೆ ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಉಪಾಧ್ಯಾಯನಾಗಿ ನಿಂತು, ಐವತ್ತು ದಾಟಿದ ಮೇಲೆಯೂ ಸವಾಲು ಹಾಕಿದವರನ್ನು ಹಿಂದಕ್ಕೆ ಕಳುಹಿಸುತ್ತಿದ್ದನು. 1954ರಲ್ಲಿ, ಅರುವತ್ತರ ಪ್ರಾಯದಲ್ಲಿ, ಸೋಲನ್ನು ಕಾಣದೆಯೇ ಪದವಿಯನ್ನು ತಾನಾಗಿ ಬಿಟ್ಟುಕೊಟ್ಟನು. ಲೋಕವು ಹೊಗಳುವುದು ಇಂಥವನನ್ನೇ. ಆ ಹೊಗಳಿಕೆ ಅನ್ಯಾಯವಲ್ಲ. ಆದರೆ ತುಸು ಸುಲಭವಾದುದು. ಸೋಲದೆ ಬಿಡುವುದಕ್ಕೆ ವಿವೇಕ ಬೇಕು. ಸೋತ ಮೇಲೆ ಬಿಡದಿರುವುದಕ್ಕೆ ಏನು ಬೇಕೆಂಬುದು ಮೂರನೆಯವನ ವೃತ್ತಾಂತದಿಂದ ಕಾಣಬೇಕು.

ಆ ಮೂರನೆಯವನು ರಾಬರ್ಟ್ ಫಾಹಿ. ಆಸ್ಟ್ರೇಲಿಯಾ ಖಂಡದ ತೆಂಕಣ ದ್ವೀಪವಾದ ಟಾಸ್ಮೇನಿಯದ ಹೋಬಾರ್ಟ್ ಪಟ್ಟಣದವನು. ಅಲ್ಲಿ 1875ರಲ್ಲಿ ಕಟ್ಟಿದ ಆಟದ ಮನೆಯೊಂದುಂಟು. ಫಾಹಿಯು 1994ರಲ್ಲಿ ಜಗಜ್ಜೆಟ್ಟಿಯಾಗಿ ಇಪ್ಪತ್ತೆರಡು ವರ್ಷ ಉಳಿದನು. 2016ರಲ್ಲಿ ಅಮೆರಿಕದ ನ್ಯೂಪೋರ್ಟಿನಲ್ಲಿ, ತನಗಿಂತ ಬಹಳ ಕಿರಿಯನಾದ ಕ್ಯಾಮ್ಡೆನ್ ರಿವಿಯೆರ್ ಎಂಬ ಅಮೆರಿಕನ್ನನಿಗೆ ಸೋತನು. ಆಗಲೇ ನಲವತ್ತೆಂಟರ ಪ್ರಾಯ. ಬ್ಯಾಟನ್ನು ಗೂಟಕ್ಕೆ ತಗಲಿಹಾಕಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಒಳ್ಳೆಯ ಮಾತುಗಳನ್ನಾಡಿ ಕಳುಹಿಸಿಕೊಡುತ್ತಿದ್ದರು. ಅವನು ಹಾಗೆ ಮಾಡಲಿಲ್ಲ. ಇಷ್ಟು ಕಾಲ ಸವಾಲಿಗಾಗಿ ಕಾದು ಕುಳಿತಿದ್ದವನು ತಾನೇ ಸವಾಲುಗಾರನಾಗಿ, ಇತರರೊಡನೆ ಸರದಿಯಲ್ಲಿ ನಿಂತು, ಎದುರಾಳಿಯಾಗುವ ಹಕ್ಕನ್ನು ಮೊದಲಿನಿಂದ ಸಂಪಾದಿಸಿದನು. 2018ರಲ್ಲಿ ಲಂಡನ್ನಿನ ಕ್ವೀನ್ಸ್ ಕ್ಲಬ್ಬಿನಲ್ಲಿ ಇಬ್ಬರೂ ಮತ್ತೆ ಸೇರಿದರು. ಐವತ್ತರ ಫಾಹಿಯು ಮೂವತ್ತರ ರಿವಿಯೆರನನ್ನು ಸೋಲಿಸಿ ಪದವಿಯನ್ನು ಹಿಂದಕ್ಕೆ ಪಡೆದನು. ಮಗ್ಗುಲು ಬದಲಾಗಿದ್ದಿತು, ಗೋಡೆಯ ಹತ್ತಿರ ನಿಂತಿದ್ದ ಬಾಕಿಯೊಂದು ತೀರಿತು.

ಮುಂದಿನ ಪಂದ್ಯವು 2020ರಲ್ಲಿ ನಡೆಯಬೇಕಾಗಿದ್ದುದು ಸಾಂಕ್ರಾಮಿಕ ರೋಗದ ದೆಸೆಯಿಂದ ಎರಡು ವರ್ಷ ತಡವಾಯಿತು. ಆ ವಯಸ್ಸಿನಲ್ಲಿ ಎರಡು ವರ್ಷವೆಂದರೆ ಕಡಿಮೆಯಲ್ಲ. 2022ರಲ್ಲಿ ಇಂಗ್ಲೆಂಡಿನ ಪ್ರೆಸ್ಟೆಡ್ ಹಾಲ್ ಎಂಬಲ್ಲಿ ಅದೇ ರಿವಿಯೆರನು ಪದವಿಯನ್ನು ಮರಳಿ ಕೊಂಡೊಯ್ದನು.

ಫಾಹಿಯ ಮನೆಯು ಇದರಿಂದ ಬರಿದಾಯಿತೆಂದು ವಾಚಕರು ಮರುಗಬೇಕಾಗಿಲ್ಲ. ಅವನ ಪತ್ನಿ ಕ್ಲೇರ್ ಫಾಹಿಯೂ ಇದೇ ಆಟದವಳು. ಮಹಿಳೆಯರ ಜಗಜ್ಜೆಟ್ಟಿ ಪದವಿಯನ್ನು 2011ರಲ್ಲಿ ಮೊದಲ ಸಲ ಗೆದ್ದು, ಮುಂದೆಯೂ ಹಲವು ಸಲ ಉಳಿಸಿಕೊಂಡವಳು.